ಗೇಟಿನ ಪಕ್ಕದ ಕೋಣೆ

ಭದ್ರಾವತಿಯಲ್ಲಿ ಹೊಳೆ ದಾಟಿ ಎಡಕ್ಕೆ ತಿರುಗಿದರೆ ಆಗ ಒಂದು ಖಾಸಗಿ ಎರಕದ ಕಾರ್ಖಾನೆಯಿತ್ತು. ಊರಿನ ದೊಡ್ಡ ಕಾರ್ಖಾನೆಗಳ ಮುಂದೆ ಅದು ಲೆಕ್ಕಕ್ಕಿಲ್ಲದ್ದು. ಹಿತ್ತಾಳೆಯ ನಲ್ಲಿ, ವಾಲ್ವು, ಪಂಪಿನ ಬಿಡಿಭಾಗ ಮಾಡುತ್ತಿದ್ದರು. ಗಂಡಸರು ಕುಲುಮೆಯ ಹತ್ತಿರ, ಹೆಂಗಸರು ಮರಳಿನ ಷೆಡ್ಡಿನಲ್ಲಿ ಮತ್ತು ಎರಕದ ತುಂಡುಗಳನ್ನು ಅರದಿಂದ ಉಜ್ಜುವ ಸಾಲಿನಲ್ಲಿ. ಸಂಜೆ ಸೈರನ್ ಕೂಗಿದ ಮೇಲೆ ಗಂಡಸರ ಜೇಬು, ಬುತ್ತಿಡಬ್ಬಿ ನೋಡುವುದಕ್ಕೆ ಗೇಟಿನಲ್ಲಿ ಚೌಡಪ್ಪ ಎಂಬ ವಾಚ್‌ಮನ್ ಇದ್ದ. ಹೆಂಗಸರನ್ನು ನೋಡುವವರಿರಲಿಲ್ಲ. ಅವರು ಅವನೆದುರು ಸೆರಗು ಕೊಡವಿ ಹೊರಟುಬಿಡುತ್ತಿದ್ದರು. ಹಿತ್ತಾಳೆ ಹೊರಗೆ ಹೋಗುತ್ತಿದೆ ಎಂಬ ಅನುಮಾನ ಮಾಲೀಕರಿಗೆ ಬಂದಾಗ ಆ ಕೆಲಸಕ್ಕೆ ಒಬ್ಬ ಹೆಂಗಸು ಬೇಕಾಯಿತು. ಆ ಹೊತ್ತಿಗೇ ಅಖ್ತರ್ ಬೀಯ ಗಂಡ ಸತ್ತಿದ್ದ.

ಗಂಡ ವಜೀರ್ ಅದೇ ಕಾರ್ಖಾನೆಯ ಲಾರಿ ಓಡಿಸುತ್ತಿದ್ದವನು. ಐವತ್ತೈದನೆಯ ಇಸವಿಯಲ್ಲಿ ತರೀಕೆರೆ ಕಡೆಯಿಂದ ಸರಕು ತುಂಬಿಕೊಂಡು ಬರುವಾಗ ಲಾರಿ ರಸ್ತೆ ಪಕ್ಕಕ್ಕೆ ಮಗುಚಿತು. ಹೆಣ ಮನೆಗೆ ಬಂದಾಗ ಮುಖದ ಮೇಲೆ ಬಟ್ಟೆ ಮುಚ್ಚಿದ್ದರು, ತೆಗೆಯಬೇಡಿ ಎಂದರು. ಮಕ್ಕಳಿರಲಿಲ್ಲ. ಅಖ್ತರ್ ಬೀ, ಅವಳ ಅತ್ತೆ ಸರ್ವರ್ ಬೀ, ಇಬ್ಬರೇ ಉಳಿದರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣ ಪೀರ್ ಬಾಷಾ ಬಂದು, ನಡಿ ನಮ್ಮನೆಗೆ ಎಂದು ತಂಗಿಯನ್ನು ಕರೆದ. ಮುದುಕಿಯನ್ನು ಕರೆಯಲಿಲ್ಲ. ಸರ್ವರ್ ಬೀ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಅಖ್ತರ್ ಬೀ ಅಣ್ಣನಿಗೆ ಚಹಾ ಮಾಡಿಕೊಟ್ಟಳು, ಬಸ್ಸಿನ ಹೊತ್ತಾಯಿತು ಎಂದು ನೆನಪಿಸಿದಳು. ಅವನು ಒಬ್ಬನೇ ಹೋದ.

ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಮ್ಯಾನೇಜರು ಹೇಳಿಕಳಿಸಿದರು. ಕೂತು ಮಾಡುವ ಕೆಲಸ, ಹೆಂಗಸರ ಜೊತೆಗಷ್ಟೇ ವ್ಯವಹಾರ, ವಜೀರನ ಮುಖ ನೋಡಿ ಕೊಡುತ್ತಿದ್ದೇವೆ ಎಂದರು. ಸರ್ವರ್ ಬೀಗೂ ಅದು ಒಪ್ಪಿಗೆಯಾಯಿತು. ಗಂಡಸರ ಮುಂದೆ ನಿಲ್ಲುವುದಲ್ಲವಲ್ಲ, ಹೋಗು ಎಂದಳು.

ಗೇಟಿನ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆ. ಒಂದು ಬಾಗಿಲಿನಿಂದ ಒಬ್ಬೊಬ್ಬರೇ ಒಳಗೆ ಬರಬೇಕು, ಇನ್ನೊಂದರಿಂದ ಹೊರಗೆ. ಅಖ್ತರ್ ಬೀ ನಡುವೆ ನಿಂತಿರುತ್ತಿದ್ದಳು. ಕುರ್ಚಿ ಇತ್ತು, ಕೂತರೆ ಕೈ ಎಟುಕುತ್ತಿರಲಿಲ್ಲ. ತುರುಬು ಒತ್ತಿ ನೋಡಬೇಕು, ಕಂಕುಳು, ಕುಪ್ಪಸ, ಸೊಂಟದ ಗಂಟು, ನೆರಿಗೆ, ಕೊನೆಗೆ ಬುತ್ತಿಡಬ್ಬಿ. ಮೊದಲ ಸಂಜೆ ಅವಳು ಬೆರಳ ತುದಿಯಿಂದಷ್ಟೇ ಮುಟ್ಟಿ ನೋಡಿದಳು. ಹೆಂಗಸರು ನಗಾಡಿದರು. ಒಬ್ಬಳು ಕಚಗುಳಿ ಆಗುತ್ತೆ ಅಂದಳು, ಇನ್ನೊಬ್ಬಳು ನಿನ್ನ ಗಂಡ ಹೀಗೆ ನೋಡ್ತಿದ್ನಾ ಅಂತ ಕೇಳಿ, ಅವನು ಸತ್ತಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅಖ್ತರ್ ಬೀ ಮನೆಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡಳು. ಇಡೀ ದಿನದ ಬೆವರು, ಮರಳು, ಕರಿ, ಮೂವತ್ತು ನಲವತ್ತು ಮೈಗಳ ವಾಸನೆ.

ಎರಡನೆಯ ತಿಂಗಳಲ್ಲೇ ಒಂದು ಕಳವು ಸಿಕ್ಕಿತು. ಅರ ಉಜ್ಜುವ ಸಾಲಿನಲ್ಲಿದ್ದ ಒಬ್ಬ ಮುದುಕಿಯ ಎಲೆಯಡಿಕೆ ಸಂಚಿಯಲ್ಲಿ, ಸುಣ್ಣದ ಕಾಯಿಯ ಅಡಿಗೆ, ಹಿತ್ತಾಳೆಯ ಚೂರುಗಳು. ಒಂದು ಹಿಡಿ ಕೂಡ ಇರಲಿಲ್ಲ. ಮುದುಕಿ ಸಂಚಿಯನ್ನು ಮುಂದೆ ಹಿಡಿದುಕೊಂಡೇ ನಿಂತಳು. ಅಖ್ತರ್ ಬೀ ಚೌಡಪ್ಪನನ್ನು ಕರೆದಳು. ಕರೆಯದಿದ್ದರೆ ಏನಾಗುತ್ತದೆಂದು ಯೋಚಿಸಲಿಕ್ಕೂ ಹೊತ್ತಿರಲಿಲ್ಲ, ಹಿಂದೆ ಸಾಲು ನಿಂತಿತ್ತು. ಮಾರನೆಯ ದಿನದಿಂದ ಮುದುಕಿ ಬರಲಿಲ್ಲ. ಆ ರಾತ್ರಿ ಅಖ್ತರ್ ಬೀಗೆ ಊಟ ಸೇರಲಿಲ್ಲ. ಮುಂದಿನ ಸಲ ಇನ್ನೊಬ್ಬಳು ಸಿಕ್ಕಾಗ ಊಟ ಸೇರಿತು. ತನಗೆ ಸೇರಿತಲ್ಲ ಎಂಬುದು ತಟ್ಟೆ ತೊಳೆಯುವಾಗ ಗಮನಕ್ಕೆ ಬಂತು, ಅಷ್ಟೆ.

ಹೀಗೆ ವರ್ಷಗಳು ಹೋದವು. ಹೆಂಗಸರು ನಗಾಡುವುದನ್ನು ಬಿಟ್ಟರು. ಒಳಗೆ ಬಂದವರು ಅವಳ ಹೆಗಲ ಮೇಲಿಂದ ಗೋಡೆ ನೋಡುತ್ತಾ ಕೈ ಎತ್ತಿ ನಿಲ್ಲುವರು. ಅವಳೂ ಮುಖ ನೋಡುತ್ತಿರಲಿಲ್ಲ. ಹೊಸಮನೆ ಬಡಾವಣೆಯ ಸಾಲುಮನೆಯಲ್ಲಿ ಅವಳ ವಾಸ. ಅಲ್ಲಿ ಬೀದಿ ನಲ್ಲಿಯ ಹತ್ತಿರ ಅವಳು ಬಂದರೆ ಕೊಡಗಳು ಸ್ವಲ್ಪ ಸರಿಯುತ್ತಿದ್ದವು. ಕಾರ್ಖಾನೆಯವರು ಅವಳಿಗೆ ಚೆಕಿಂಗ್ ಬೀಬಿ ಎಂದು ಹೆಸರಿಟ್ಟಿದ್ದರು, ಅದೇ ಹೆಸರು ಬೀದಿಗೂ ಬಂತು. ನೆಂಟರ ಮನೆಯ ಒಂದು ಮದುವೆಯಲ್ಲಿ ಮದುಮಗಳ ತುರುಬಿಗೆ ಹೂ ಮುಡಿಸಲು ಅವಳು ಮುಂದೆ ಹೋದಾಗ ಹುಡುಗಿಯ ಚಿಕ್ಕಮ್ಮ, ಬೇರೆಯವರು ಮುಡಿಸಲಿ ಬಿಡಿ ಎಂದು ನಯವಾಗಿ ಹೂ ತೆಗೆದುಕೊಂಡಳು. ಗಂಡ ಸತ್ತವಳು ಎಂದೋ, ಕೈಯ ಕಾರಣಕ್ಕೋ, ಕೇಳುವ ಹಾಗಿರಲಿಲ್ಲ. ಅಖ್ತರ್ ಬೀ ಹಿಂದೆ ಬಂದು ಕೂತು ಬಿರಿಯಾನಿ ಉಂಡು ಬಂದಳು. ಬೇಜಾರಾಯಿತಾ ಎಂದು ಅತ್ತೆ ದಖ್ಖನಿಯಲ್ಲಿ ಕೇಳಿದಳು. ಇಲ್ಲ ಎಂದಳು. ನಿಜವಾಗಿಯೂ ಆಗಿರಲಿಲ್ಲ.

ಅವಳ ಮನೆಗೆ ಬಂದು ಹೋಗುತ್ತಿದ್ದವಳು ಒಬ್ಬಳೇ, ಸಾಲಿನ ಆ ತುದಿಯ ಜಲಜಮ್ಮ. ಮರಳಿನ ಷೆಡ್ಡಿನಲ್ಲಿ ಕೆಲಸ. ಗಂಡ ಮಾರಪ್ಪ ಸಾಮಿಲ್ಲಿನಲ್ಲಿದ್ದ. ಸಂಜೆ ಗೇಟಿನ ಕೋಣೆಯಲ್ಲಿ ಎಲ್ಲರ ಹಾಗೆ ಕೈ ಎತ್ತಿ ನಿಂತವಳೇ, ಏಳು ಗಂಟೆಗೆ ಸಾರಿನ ಬಟ್ಟಲು ಹಿಡಿದು ಸರ್ವರ್ ಬೀಯ ಹತ್ತಿರ ಬಂದು ಕೂರುತ್ತಿದ್ದಳು. ಮದುವೆಯಾಗಿ ಬಹಳ ವರ್ಷವಾಗಿತ್ತು. ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು.

ಅರವತ್ತೊಂದರ ಹೊತ್ತಿಗೆ ಕಾರ್ಖಾನೆಗೆ ಲೇಬರ್ ಆಫೀಸರ್ ಎಂದು ಗಂಗಾಧರಪ್ಪ ಬಂದರು. ಮದರಾಸಿನಲ್ಲಿ ಓದಿದವರು, ಎಳೆ ವಯಸ್ಸು, ಬಿಳಿ ಷರಟು. ಕೆಲಸಗಾರರನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲ ಆಫೀಸರು ಅವರೇ. ಕುಡಿಯುವ ನೀರಿಗೆ ಮಣ್ಣಿನ ಗುಡಾಣ ಇಡಿಸಿದರು, ಕ್ಯಾಂಟೀನಿಗೆ ಬೆಂಚು ಹಾಕಿಸಿದರು. ತಡವಾಗಿ ಬಂದವರಿಗೆ ಅರ್ಧ ದಿನದ ಕೂಲಿ ಕತ್ತರಿಸುವುದಕ್ಕೂ ಒಂದು ಪದ್ಧತಿ ಮಾಡಿದರು. ಒಬ್ಬೊಬ್ಬರಿಗೂ ನಂಬರಿನ ಹಿತ್ತಾಳೆ ಬಿಲ್ಲೆ, ಅದನ್ನು ಹೊತ್ತಿಗೆ ಸರಿಯಾಗಿ ಹಲಗೆಗೆ ತಗಲಿಸಬೇಕು, ಸೈರನ್ ನಿಂತ ಮೇಲೆ ಹಲಗೆಗೆ ಬೀಗ. ಗೇಟಿನ ಕೋಣೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ಪರದೆ ಕಟ್ಟಿಸಿ, ಅಖ್ತರ್ ಬೀಗೆ ಒಂದು ಸೋಪು ಕೊಡಿಸಿದರು. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ಸೋಪು. ಅದಕ್ಕೆ ಅವಳಿಗೆ ಅವರ ಮೇಲೆ ಗೌರವ ಬಂತು.

ಒಂದು ಶನಿವಾರ ಅವಳನ್ನು ಆಫೀಸಿಗೆ ಕರೆಸಿ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಅಖ್ತರ್ ಬೀ ಅವರೇ, ಬಿಸಿ, ಭಾರ, ಧೂಳು ಇರೋ ಜಾಗ ಇದು," ಎಂದರು. "ಬಸುರಿ ಹೆಂಗಸರು ಹೇಳ್ಕೊಳ್ಳಲ್ಲ, ಮುಚ್ಚಿಟ್ಕೊಂಡು ಮರಳು ಹೊರ್ತಾರೆ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ನಿಮಗೆ ಎಲ್ಲರಿಗಿಂತ ಮೊದ್ಲೇ ಗೊತ್ತಾಗುತ್ತೆ. ನನ್ನ ಕಿವಿಗೆ ಹಾಕಿದ್ರೆ ಸಾಕು, ಹಗುರ ಕೆಲಸಕ್ಕೆ ಹಾಕಿಸ್ತೀನಿ."

ಅದು ಒಳ್ಳೆಯ ಮಾತೇ ಎಂದು ಅವಳಿಗೆ ಅನಿಸಿತು. ಜಲಜಮ್ಮನ ಎರಡನೆಯದು ಇಳಿದುಹೋದದ್ದು ಮರಳಿನ ಬುಟ್ಟಿ ಹೊತ್ತ ದಿನವೇ. ಗೊತ್ತಾಗುತ್ತಿದ್ದುದೂ ಹೌದು. ಸೊಂಟದ ಗಂಟು ಎಂದಿಗಿಂತ ಮೇಲೆ ಕಟ್ಟಿರುತ್ತಿತ್ತು, ಹೊಟ್ಟೆಯ ಕೆಳಭಾಗ ಬಿಗಿ, ಕುಪ್ಪಸದ ಗುಂಡಿ ಎಳೆಯುತ್ತಿತ್ತು. ಆ ವಾರವೇ ಕುಪ್ಪಮ್ಮ ಎಂಬ ತಮಿಳು ಹೆಂಗಸಿನ ಹೆಸರು ಹೇಳಿದಳು. ಕುಪ್ಪಮ್ಮನನ್ನು ಮರಳಿನಿಂದ ತೆಗೆದು ಡಬ್ಬಿಗೆ ಚೀಟಿ ಅಂಟಿಸುವ ಕಡೆ ಕೂರಿಸಿದರು. ಎರಡು ವಾರ ಕಳೆದ ಮೇಲೆ ಆರ್ಡರು ಕಡಿಮೆ ಇದೆ, ಮುಂದೆ ಕರೆಸುತ್ತೇವೆ ಎಂದು ಮನೆಗೆ ಕಳಿಸಿದರು. ಷೆಡ್ಡಿನ ಹೆಂಗಸರೆಲ್ಲ ಟೆಂಪೊರರಿ. ವರ್ಷಕ್ಕೊಮ್ಮೆ ಹೆಸರು ಹೊಡೆದು ನಾಲ್ಕು ದಿನ ಬಿಟ್ಟು ಮತ್ತೆ ಬರೆದುಕೊಳ್ಳುತ್ತಿದ್ದರು. ಕಳಿಸುವುದಕ್ಕೆ ಕಾರಣ ಬೇಕಿರಲಿಲ್ಲ. ಆಮೇಲೆ ಇನ್ನೊಬ್ಬಳ ಹೆಸರು ಹೇಳಿದಳು, ಅವಳೂ ಹೋದಳು.

ಅರ್ಥ ಬಿಡಿಸಿ ಹೇಳಿದವನು ಚೌಡಪ್ಪ. ಗೇಟಿನಲ್ಲಿ ಬೀಡಿ ಹಚ್ಚುತ್ತಾ, ಎಲ್ಲರಿಗೂ ಗೊತ್ತಿರುವ ವಿಷಯ ಎನ್ನುವ ಹಾಗೆ ಹೇಳಿದ. ಹೆರಿಗೆ ಕಾನೂನು ಬರುತ್ತಿದೆ. ಇಷ್ಟು ದಿನ ಎಂದು ಕೆಲಸ ಮಾಡಿದವಳನ್ನು ಮನೆಯಲ್ಲಿ ಕೂರಿಸಿ ಸಂಬಳ ಕೊಡಬೇಕು. ಅಷ್ಟು ದಿನ ತುಂಬುವ ಮೊದಲೇ ಕಳಿಸಿದರೆ ಕೊಡಬೇಕಾಗಿಲ್ಲ. "ನೀವು ಹೇಳಿದ ಮೇಲೆ ತಾನೆ ಬೀಬಮ್ಮ ಅವರು ಕಳ್ಸೋದು," ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ.

ಅವಳು ಮನೆಗೆ ಹೋಗಿ ರೊಟ್ಟಿ ತಟ್ಟಿದಳು. ಮುಂದಿನ ಶನಿವಾರ ಗಂಗಾಧರಪ್ಪನವರು ಕೇಳಿದಾಗ ಇನ್ನೊಂದು ಹೆಸರು ಹೇಳಿದಳು.

ತಿಳಿದ ಮೇಲೂ ಯಾಕೆ ಹೇಳಿದೆ ಎಂದು ಯಾರೂ ಕೇಳಲಿಲ್ಲ. ಅತ್ತೆಗೆ ದಮ್ಮು, ಔಷಧ ತರಬೇಕು, ಅದು ನಿಜ. ಆದರೆ ಆ ಹೊತ್ತಿಗೆ ಅವಳು ಅತ್ತೆಯನ್ನಾಗಲಿ ಕೆಲಸವನ್ನಾಗಲಿ ನೆನೆಯಲಿಲ್ಲ. ಆಫೀಸರು ಕೇಳಿದರು, ಕೈಗೆ ತಿಳಿದದ್ದು ಬಾಯಿಗೆ ಬಂತು. ಚೌಡಪ್ಪ ಗೇಟು ತೆಗೆಯುವ ಹಾಗೆ, ಹಾಕುವ ಹಾಗೆ. ಹೀಗೆ ಒಂದು ವರ್ಷದ ಮೇಲಾಯಿತು. ಕೆಲಸ ಹೋದವರ ಮನೆಗಳು ಊರಿನಲ್ಲೇ ಇದ್ದವು. ಸಂತೆಯಲ್ಲಿ ಕುಪ್ಪಮ್ಮ ಎದುರಾದಳು, ಸೊಂಟದಲ್ಲಿ ಮಗು. ಇಬ್ಬರೂ ಸೊಪ್ಪು ಚೌಕಾಸಿ ಮಾಡಿ ಬೇರೆ ಬೇರೆ ದಾರಿ ಹಿಡಿದರು. ಕುಪ್ಪಮ್ಮನಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಮುಖದಲ್ಲಿ ಕಾಣಲಿಲ್ಲ.

ಅರವತ್ತಮೂರರ ಶ್ರಾವಣದಲ್ಲಿ ಜಲಜಮ್ಮನ ಸರದಿ ಬಂತು. ಸಂಜೆ ಎಂದಿನಂತೆ ಪರದೆ ಸರಿಸಿ ಒಳಗೆ ಬಂದು ಕೈ ಎತ್ತಿದಳು. ಅಖ್ತರ್ ಬೀಯ ಕೈ ತುರುಬಿನಿಂದ ಇಳಿಯುತ್ತಾ ಸೊಂಟಕ್ಕೆ ಬಂದು, ಗಂಟಿನ ಹತ್ತಿರ ನಿಂತಿತು. ಜಲಜಮ್ಮ ಕೈ ಇಳಿಸಿ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಅಖ್ತರ್ ಬೀಯನ್ನು ಮುಟ್ಟಿರಲಿಲ್ಲ.

"ಗೊತ್ತಾಯ್ತಲ್ಲ," ಎಂದಳು ಜಲಜಮ್ಮ ತಗ್ಗಿದ ದನಿಯಲ್ಲಿ.

ಅಖ್ತರ್ ಬೀ ಪರದೆಯ ಕಡೆ ನೋಡಿದಳು.

"ದೀಪಾವಳಿ ತನಕ ಸುಮ್ನಿದ್ರೆ ಸಾಕು ಮಾರಾಯ್ತಿ. ಈ ಸಲ ಹೆಸರು ಬರ್ಕೊಂಡ ಮೇಲಿನ ನನ್ನ ಕೆಲಸದ ದಿನ ಅಷ್ಟೊತ್ತಿಗೆ ತುಂಬುತ್ತೆ. ಯೂನಿಯನ್ನೋರು ಹೇಳಿದ್ದಾರೆ, ಡಾಕ್ಟರ ಚೀಟಿ ಸಮೇತ ನಾನೇ ಅರ್ಜಿ ಕೊಡ್ತೀನಿ. ಆಮೇಲೆ ತೆಗೆದ್ರೆ ಶಿವಮೊಗ್ಗದ ಲೇಬರ್ ಇನ್ಸ್‌ಪೆಕ್ಟರ ಹತ್ರ ಹೋಗ್ಬಹುದು. ಮರಳು ಹೊರೋದು ನಾನು ನೋಡ್ಕೋತೀನಿ, ಹುಡುಗೀರು ಬುಟ್ಟಿ ಹಿಡೀತಾರೆ. ನೀನು ಹೇಳ್ತೀಯಾ?"

ಹೊರಗೆ ಸಾಲಿನಲ್ಲಿದ್ದವರು ತಡವಾಯಿತೆಂದು ಗೊಣಗಿದರು. ಅಖ್ತರ್ ಬೀ ಕೈ ಬಿಡಿಸಿಕೊಂಡು ಬುತ್ತಿಡಬ್ಬಿ ತೆರೆದು ನೋಡಿ ಮುಚ್ಚಿದಳು. "ಮುಂದಿನೋರು ಬನ್ನಿ," ಎಂದಳು.

ಆ ಸಂಜೆ ಜಲಜಮ್ಮ ಸಾರು ತರಲಿಲ್ಲ. ಯಾಕೆ ಬರಲಿಲ್ಲ ಎಂದು ಸರ್ವರ್ ಬೀ ಎರಡು ಸಲ ಕೇಳಿದಳು.

ಶನಿವಾರ ಬಂತು. ಗಂಗಾಧರಪ್ಪನವರು ಎಂದಿನಂತೆ ಮೇಜಿನ ಮೇಲಿನ ಕಾಗದದಿಂದ ತಲೆಯೆತ್ತಿ, ಏನಾದ್ರೂ ಇದೆಯಾ ಎಂದು ಕೇಳಿದರು. ಹೇಳುವುದಿಲ್ಲ ಎಂದು ಅಖ್ತರ್ ಬೀ ತೀರ್ಮಾನ ಮಾಡಿಕೊಂಡು ಬಂದಿರಲಿಲ್ಲ. ಹೇಳಬೇಕೆಂದೂ ಇರಲಿಲ್ಲ. ಬಾಯಿ ತೆರೆದಳು. ಕೈಯ ಮೇಲೆ ಇನ್ನೊಂದು ಕೈಯ ಭಾರ ಇದ್ದಂತೆ ಅನಿಸಿತು. "ಯಾರೂ ಇಲ್ಲ ಸಾರ್," ಎಂದಳು.

ಸರಿ ಎಂದರು. ಅಷ್ಟೇ ಆಗಿತ್ತು. ಹೊರಗೆ ಬಂದಾಗ ಅವಳಿಗೆ ಹೆದರಿಕೆಯೂ ಇಲ್ಲ, ಸಂತೋಷವೂ ಇಲ್ಲ. ಆ ಸಂಜೆ ಮಾತ್ರ ಎಂಟು ಗಂಟೆಗೇ ಮಲಗಿ, ಅತ್ತೆ ಅಲ್ಲಾಡಿಸಿ ಎಬ್ಬಿಸುವ ತನಕ ಸತ್ತಂತೆ ನಿದ್ದೆ ಮಾಡಿದಳು. ಮುಂದಿನ ಶನಿವಾರವೂ ಯಾರೂ ಇಲ್ಲ ಎಂದಳು. ಅರ ಉಜ್ಜುವ ಸಾಲಿನಲ್ಲಿ ಇನ್ನೊಬ್ಬಳಿಗೆ ಬಸುರು ನಿಂತಿತ್ತು, ಅವಳ ಹೆಸರನ್ನೂ ಹೇಳಲಿಲ್ಲ. ಒಂದನ್ನು ನುಂಗಿದ ಮೇಲೆ ಮತ್ತೊಂದು ನುಂಗುವುದು ಕಷ್ಟವಾಗಲಿಲ್ಲ.

ದೀಪಾವಳಿ ಕಳೆದು ಜಲಜಮ್ಮ ಅರ್ಜಿ ಕೊಟ್ಟಳು. ಸೆರಗು ಎಷ್ಟು ಹೊದ್ದರೂ ಕಾಣುವಷ್ಟಾಗಿತ್ತು. ಅದೇ ಮಧ್ಯಾಹ್ನ ಅಖ್ತರ್ ಬೀಗೆ ಕರೆ ಬಂತು. ಗಂಗಾಧರಪ್ಪನವರು ಬೈಯಲಿಲ್ಲ, ದನಿ ಏರಿಸಲಿಲ್ಲ. ಬಾಗಿಲು ಹಾಕಿಸಿ, ತಾವೂ ಕಿಟಕಿಯ ಹತ್ತಿರ ಎದ್ದು ನಿಂತರು.

"ದಿನಾ ಸಂಜೆ ನೀವೇ ನೋಡ್ತೀರಿ. ಆರು ತಿಂಗಳು ಅಂತೆ. ನಿಮ್ಮ ಕೈಗೆ ಗೊತ್ತಾಗಲಿಲ್ವಾ?"

"ನನ್ನ ಕೈಗೆ ಈಗೀಗ ಏನೂ ಗೊತ್ತಾಗಲ್ಲ ಸಾರ್," ಎಂದಳು ಅಖ್ತರ್ ಬೀ.

ಅವರು ತಿರುಗಿ ಅವಳ ಮುಖ ನೋಡಿದರು. ಸುಳ್ಳೋ ನಿಜವೋ ಅವರಿಗೆ ತಿಳಿಯಲಿಲ್ಲ. ಮಾಲೀಕರು ತಮ್ಮನ್ನು ಕೇಳುತ್ತಾರೆ, ತಾವೂ ಯಾರಿಗೋ ಉತ್ತರ ಕೊಡಬೇಕು ಎಂದು ಒಮ್ಮೆ ಅಂದರು. ಆಮೇಲೆ, ಗೊತ್ತಾಗದ ಕೈ ಗೇಟಿನಲ್ಲಿ ಇರುವುದು ಹೇಗೆ ಎಂದು ತಮಗೆ ತಾವೇ ಹೇಳಿಕೊಂಡರು. ವಜೀರನ ಹೆಂಡತಿಯನ್ನು ಹೊರಗೆ ಹಾಕಿದರೆ ಯೂನಿಯನ್ನಿನವರು ಮಾತೆತ್ತುತ್ತಾರೆ. ಸೋಮವಾರದಿಂದ ಮರಳಿನ ಷೆಡ್ಡಿಗೆ ಹೋಗಿ ಎಂದರು. ಆ ಮಾತನ್ನೂ ಬಹುವಚನದಲ್ಲೇ ಹೇಳಿದರು.

ಷೆಡ್ಡಿನಲ್ಲಿ ಮೊದಲ ದಿನ ಅವಳ ಹತ್ತಿರ ಯಾರೂ ನಿಲ್ಲಲಿಲ್ಲ. ಜರಡಿಯ ಒಂದು ತುದಿ ಅವಳು ಹಿಡಿದರೆ ಇನ್ನೊಂದು ತುದಿಗೆ ಬರುವವರಿಲ್ಲ. ಜಲಜಮ್ಮ ಹೊಟ್ಟೆ ಹೊತ್ತುಕೊಂಡು ನಿಧಾನಕ್ಕೆ ಬಂದು ಹಿಡಿದಳು. ಇಬ್ಬರೂ ಜರಡಿ ಆಡಿಸಿದರು. ಬಸುರಿ ಯಾಕೆ ಹಿಡಿಯಬೇಕು ಎಂದು ಇನ್ನೊಬ್ಬಳು ಬಂದು ಜಲಜಮ್ಮನನ್ನು ಸರಿಸಿ ತಾನು ನಿಂತಳು. ಹಾಗೆ ಅಖ್ತರ್ ಬೀಗೆ ಜಾಗವಾಯಿತು. ಅವಳಿಂದ ಕೆಲಸ ಕಳೆದುಕೊಂಡವಳ ನಾದಿನಿಯೊಬ್ಬಳು ಅದೇ ಷೆಡ್ಡಿನಲ್ಲಿದ್ದಳು. ಅವಳು ಕೊನೆಯ ತನಕ ಮಾತಾಡಿಸಲಿಲ್ಲ. ಅಖ್ತರ್ ಬೀಯೂ ಮಾತಾಡಿಸಲು ಹೋಗಲಿಲ್ಲ.

ಸಂಜೆ ಅವಳೂ ಸಾಲಿನಲ್ಲಿ ನಿಂತು ಗೇಟಿನ ಕೋಣೆಗೆ ಹೋಗಬೇಕಾಯಿತು. ಹೊಸದಾಗಿ ಬಂದವಳು ಆಫೀಸಿನ ಜವಾನ ಕಲ್ಲಪ್ಪನ ಸೊಸೆ. ಆ ಹುಡುಗಿಯ ಬೆರಳು ತಣ್ಣಗಿದ್ದವು. ಮೈಮೇಲೆ ಬೇರೆಯವರ ಕೈ ಓಡಾಡುವುದು ಹೇಗಿರುತ್ತದೆ ಎಂದು ಅಖ್ತರ್ ಬೀಗೆ ಆಗ ಗೊತ್ತಾಗಬೇಕಿತ್ತು. ಅವಳು ಗೋಡೆ ನೋಡಿದಳು. ಗೋಡೆಗೆ ಹೊಡೆದ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಮುಂದಿನ ಬಾಗಿಲಿನಿಂದ ಹೊರಗೆ ಬಂದಳು.

ಜಲಜಮ್ಮನಿಗೆ ಹೆಣ್ಣು ಹುಟ್ಟಿತು, ಬದುಕಿತು. ಕಾರ್ಖಾನೆ ಹೆರಿಗೆಯ ಸಂಬಳ ಕೊಡಲು ಸತಾಯಿಸಿತು. ಮಾರಪ್ಪ ಶಿವಮೊಗ್ಗದ ಆಫೀಸಿಗೆ ಅಲೆದ ಮೇಲೆ ಕೊಟ್ಟಿತು. ಬಾಣಂತನದ ನಲವತ್ತು ದಿನ ಕಳೆದು ಸ್ನಾನವಾದ ಮೇಲೆ ಕೂಸನ್ನು ಎತ್ತಿಕೊಂಡು ಜಲಜಮ್ಮ ಸಾಲುಮನೆಯ ಈ ತುದಿಗೆ ಬಂದು ಅಖ್ತರ್ ಬೀಯ ಮಡಿಲಿಗೆ ಹಾಕಿದಳು. ಸರ್ವರ್ ಬೀ ಹಾಸಿಗೆಯಿಂದಲೇ ದುವಾ ಹೇಳಿದಳು. ಅಖ್ತರ್ ಬೀಯ ಕೈ ಕೂಸಿನ ತಲೆಯ ಮೇಲೆ ಹೋಯಿತು, ಅಲ್ಲಿಂದ ಕಂಕುಳಿಗೆ, ಸೊಂಟಕ್ಕೆ. ಕಟ್ಟಿದ್ದ ಉಡಿದಾರದ ಸುತ್ತ ಬೆರಳು ಆಡಿಸಿ ನಿಂತಿತು. ತನ್ನ ಕೈ ಏನು ಮಾಡುತ್ತಿದೆ ಎಂದು ತಿಳಿದಾಗ ಅವಳು ಕೂಸನ್ನು ಹಾಗೆಯೇ ವಾಪಸು ಕೊಟ್ಟಳು. ಜಲಜಮ್ಮ ಕಂಡರೂ ಕಾಣದ ಹಾಗೆ, ಹಾಲಿನ ಹೊತ್ತು ಎಂದು ಹೇಳಿ ಕೂಸಿಗೆ ಮೊಲೆ ಕೊಡಲು ಆ ಕಡೆ ತಿರುಗಿದಳು.

ಆಮೇಲೆ ಕಾರ್ಖಾನೆ ಹೊಸ ಹೆಂಗಸರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಮರಳು ಜರಡಿ ಹಿಡಿಯುವ ಯಂತ್ರ ಬಂತು. ಟೆಂಪೊರರಿ ಹೆಸರುಗಳನ್ನು ಎಂದಿನಂತೆ ಹೊಡೆದವರು ಆ ವರ್ಷ ಮತ್ತೆ ಬರೆದುಕೊಳ್ಳಲಿಲ್ಲ. ಜಲಜಮ್ಮನೂ ಹೋದಳು, ಅಖ್ತರ್ ಬೀಯೂ. ಯಾರ ಹೆಸರು ಹೇಳಿದ್ದರೂ ಹೇಳದಿದ್ದರೂ ಆ ಷೆಡ್ಡು ಇಷ್ಟರಲ್ಲೇ ಖಾಲಿಯಾಗುತ್ತಿತ್ತು ಎಂದು ಚೌಡಪ್ಪ ಸಮಾಧಾನದ ಹಾಗೆ ಹೇಳಿದ. ಅವಳು ತಲೆಯಾಡಿಸಿದಳು.

ಸರ್ವರ್ ಬೀ ಅರವತ್ತಾರರಲ್ಲಿ ತೀರಿಕೊಂಡಳು. ಪೀರ್ ಬಾಷಾ ಬಂದು ಮಣ್ಣು ಮುಗಿಸಿ, ಈ ಸಲ ಏನೂ ಕೇಳದೆ ತಂಗಿಯ ಟ್ರಂಕನ್ನು ತಾನೇ ಬಸ್ಸಿನ ಮೇಲೆ ಹಾಕಿಸಿದ. ಅಖ್ತರ್ ಬೀ ಶಿವಮೊಗ್ಗದಲ್ಲಿ ಅಣ್ಣನ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಉಳಿದಳು. ಹೋಟೆಲುಗಳಿಗೆ ಖಾರ ಕುಟ್ಟಿಕೊಡುತ್ತಿದ್ದಳು.

ಅಲ್ಲಿಗೆ ಬಂದು ಒಂದೆರಡು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಟೈರು ಪಂಕ್ಚರ್ ಆದ ಸ್ಕೂಟರನ್ನು ತಳ್ಳಿಕೊಂಡು ಗಂಗಾಧರಪ್ಪನವರು ಅಂಗಡಿಗೆ ಬಂದರು. ಮೈ ತುಂಬಿಕೊಂಡಿತ್ತು, ಕೂದಲು ಹಿಂದಕ್ಕೆ ಸರಿದಿತ್ತು. ಬೆಂಚಿನ ಮೇಲೆ ಕೂತವರು, ಹಿಂದಿನ ಕೋಣೆಯಿಂದ ಬಂದ ಅಖ್ತರ್ ಬೀಯನ್ನು ತಾವೇ ಮೊದಲು ಗುರುತು ಹಿಡಿದು ಎದ್ದು ನಿಂತರು, ಆರೋಗ್ಯ ವಿಚಾರಿಸಿದರು, ಅತ್ತೆ ಹೋದದ್ದಕ್ಕೆ ಅಯ್ಯೋ ಎಂದರು. ತಾವೀಗ ಬೇರೆ ಕಂಪನಿಯಲ್ಲಿ ಇರುವುದಾಗಿ, ಊರ ಹೊರಗೆ ಹೊಸ ಕಾರ್ಖಾನೆ ಏಳುತ್ತಿರುವುದಾಗಿ ಹೇಳಿದರು. ಅಲ್ಲಿ ಹೆಂಗಸರು ಬಹಳ ಜನ ಇರುತ್ತಾರೆ. ಪೀರ್ ಬಾಷಾ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಗೇಟಿಗೆ ಒಬ್ರು ಬೇಕು. ನಿಮ್ಮಷ್ಟು ಅನುಭವ ಇರೋರು ಸಿಕ್ಕಲ್ಲ, ಅಖ್ತರ್ ಬೀ ಅವರೇ. ಹಳೇದೆಲ್ಲ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಈ ಸಲ ಪರ್ಮನೆಂಟು."

ಪೀರ್ ಬಾಷಾ ತಲೆಯೆತ್ತಿ ತಂಗಿಯನ್ನು ನೋಡಿದ. ಮನೆಯಲ್ಲಿ ಅವನ ಮಗಳ ಮದುವೆಯ ಮಾತು ನಡೆಯುತ್ತಿತ್ತು. ಒಪ್ಪಿಕೊಳ್ಳಲಿ ಎಂಬುದು ಅವನ ಕಣ್ಣಲ್ಲಿತ್ತು.

"ಬೇಡ ಸಾರ್," ಎಂದಳು ಅಖ್ತರ್ ಬೀ.

ಯಾಕೆ ಎಂದು ಅವರು ಕೇಳಿದರು. ಬಿಸಿಲಿಗೆ ಹರವಿದ್ದ ಮೆಣಸಿನಕಾಯಿಯನ್ನು ಹೊರಳಿಸಿ ಹಾಕಬೇಕಿತ್ತು. ಚಹಾ ತರಿಸಲೇ ಎಂದು ವಿಚಾರಿಸಿ, ಅವರು ಬೇಡವೆಂದ ಮೇಲೆ, ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋದಳು.